ಬೀಗ ಹಾಕಿದವರು ಯಾರು?

‘ಟ್ರ್ಯಾಪ್ಡ್’ ಎಂಬ ಹಿಂದಿ ಚಿತ್ರವನ್ನು ಹೊಗಳುವವರೆಲ್ಲ ಒಂದೇ ಮಾತು ಹೇಳುತ್ತಾರೆ: ಮನುಷ್ಯನ ಛಲಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ತೆಗಳುವವರದೂ ಒಂದೇ ಮಾತು: ಅವನೊಬ್ಬ ಶತದಡ್ಡ. ಎರಡೂ ಪಕ್ಷದವರು ಒಳಗೆ ಸಿಕ್ಕಿಬಿದ್ದ ಹುಡುಗನನ್ನೇ ನೋಡುತ್ತ ಕುಳಿತುಬಿಟ್ಟಿದ್ದಾರೆ. ಅವನು ಸಿಕ್ಕಿಬಿದ್ದ ಮನೆ ಯಾರದು ಎಂದು ಕೇಳಿದವರು ನನಗಂತೂ ಸಿಗಲಿಲ್ಲ. ನನ್ನ ತಕರಾರು ಈ ಎರಡೂ ಪಕ್ಷದವರ ಮೇಲೆ, ಅವರಿಗೆ ಹಾಗೆ ನೋಡಲು ಅನುಕೂಲ ಮಾಡಿಕೊಟ್ಟ ನಿರ್ದೇಶಕರ ಮೇಲೂ ಸ್ವಲ್ಪ ಇದೆ.

ನೋಡದವರಿಗಾಗಿ ಎರಡು ಮಾತು. 2017ರ ಮಾರ್ಚಿಯಲ್ಲಿ ತೆರೆಕಂಡ ಈ ಚಿತ್ರದ ನಿರ್ದೇಶಕರು ವಿಕ್ರಮಾದಿತ್ಯ ಮೋಟ್ವಾನೆ, ನಾಯಕ ರಾಜ್‌ಕುಮಾರ್ ರಾವ್. ಮುಂಬಯಿಯಲ್ಲಿ ಹುಡುಗರ ಜೊತೆ ಕೋಣೆ ಹಂಚಿಕೊಂಡು ದಿನ ನೂಕುತ್ತಿರುವ ಶೌರ್ಯನಿಗೆ ನೂರಿ ಎಂಬ ಹುಡುಗಿಯ ಮೇಲೆ ಪ್ರೀತಿ. ಅವಳಿಗೆ ಬೇರೆ ಕಡೆ ಮದುವೆ ಗೊತ್ತಾಗಿದೆ. ಒಂದೆರಡು ದಿನದೊಳಗೆ ಮನೆ ಬೇಕು, ಕೈಯಲ್ಲಿ ಕಾಸಿಲ್ಲ. ದಲ್ಲಾಳಿಯೊಬ್ಬ ‘ಸ್ವರ್ಗ್’ ಎಂಬ ಹೆಸರಿನ ಕಟ್ಟಡದ ಮೂವತ್ತೈದನೆಯ ಮಹಡಿಯಲ್ಲಿ ಅಗ್ಗದ ಮನೆ ಕೊಡಿಸುತ್ತಾನೆ. ಇಡೀ ಕಟ್ಟಡದಲ್ಲಿ ಇನ್ನೊಂದು ನರಪಿಳ್ಳೆಯಿಲ್ಲ. ಮರುದಿನ ಗಡಿಬಿಡಿಯಲ್ಲಿ ಹೊರಟವನು ಬೀಗದ ಕೈಯನ್ನು ಹೊರಗಡೆಯೇ ಬಿಟ್ಟು ಒಳಗೆ ಬಂದಾಗ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು. ಫೋನು ಸಾಯುತ್ತದೆ, ಕರೆಂಟು ಹೋಗುತ್ತದೆ, ನಲ್ಲಿ ಒಣಗುತ್ತದೆ.

ಮೆಚ್ಚಬೇಕಾದದ್ದನ್ನು ಮೊದಲು ಮೆಚ್ಚಿಬಿಡುತ್ತೇನೆ. ಚಿತ್ರದ ಬಹುಪಾಲು ಆ ಒಂದು ಮನೆಯೊಳಗೇ ನಡೆಯುತ್ತದೆ. ಹಾಡಿಗೆಂದು ಹೊರಗೆ ಓಡಿಹೋಗುವ ಹಿಂದಿಯವರ ಚಾಳಿ ಇಲ್ಲಿಲ್ಲ. ಚಿತ್ರಮಂದಿರಗಳಲ್ಲಿ ಇದನ್ನು ಮಧ್ಯಂತರವೇ ಇಲ್ಲದೆ ತೋರಿಸಿದರು. ಒಳಗಿರುವವನಿಗೆ ಬಿಡುವಿಲ್ಲ ಎಂದಮೇಲೆ ನಮಗೆ ಮಾತ್ರ ಪಾಪ್‌ಕಾರ್ನಿಗೆ ಬಿಡುವೇಕೆ ಎಂಬುದು ನ್ಯಾಯವಾದ ಮಾತೇ. ರಾಜ್‌ಕುಮಾರ್ ರಾವ್ ಅವರ ಮೈ ನಮ್ಮ ಕಣ್ಣೆದುರಿಗೇ ಇಳಿಯುತ್ತ ಹೋಗುತ್ತದೆ. ಮಳೆ ಬಂದಾಗ ಅವನು ಕೈಗೆ ಸಿಕ್ಕಿದ್ದರಲ್ಲೆಲ್ಲ ನೀರು ಹಿಡಿದಿಟ್ಟುಕೊಳ್ಳುವ ದೃಶ್ಯವಿದೆ. ಎರಡು ದಿನಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ ಸಂಸಾರ ಮಾಡಿದ ನನ್ನಂಥವಳಿಗೆ ಆ ಸಂಭ್ರಮವನ್ನು ಯಾರೂ ವಿವರಿಸಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವನ ಸಸ್ಯಾಹಾರದ ಪ್ರಸಂಗ. ಶೌರ್ಯ ಮಾಂಸ ಮುಟ್ಟದವನು, ಇಲಿ ಕಂಡರೆ ಹೆದರುವವನು. ಕೊನೆಗೆ ಇರುವೆ, ಜಿರಲೆ ತಿಂದು, ಕವಣೆಯಲ್ಲಿ ಪಾರಿವಾಳ ಹೊಡೆದು ಸುಟ್ಟು ತಿನ್ನುತ್ತಾನೆ. ಮನೆಗೆ ಬಂದ ಇಲಿಯೊಂದರ ಮುಂದೆ ಕುಳಿತು ತನ್ನ ಆಹಾರನೇಮದ ಬಗ್ಗೆ ಭಾಷಣ ಬೇರೆ ಮಾಡುತ್ತಾನೆ. ನಗು ಬರುತ್ತದೆ, ಗಂಟಲು ಕಟ್ಟುತ್ತದೆ. 2021ರಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಕೊಡಬೇಕೇ ಬೇಡವೇ ಎಂದು ನಮ್ಮ ರಾಜ್ಯದಲ್ಲಿ ಎಷ್ಟು ದೊಡ್ಡ ಗಂಟಲಿನ ವಾದಗಳು ನಡೆದವು! ಹಸಿದ ಮಕ್ಕಳಿಗೆ ಬಡಿಸಿದ ಅನುಭವವಿರುವ ಯಾರೂ ಆ ಗದ್ದಲದಲ್ಲಿ ಅಷ್ಟು ಜೋರಾಗಿ ಮಾತಾಡಿದ್ದು ನನಗೆ ನೆನಪಿಲ್ಲ. ಅದು ಹಾಗಿರಲಿ.

ನಮ್ಮ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು ಅವನು ಮಾಡದೆ ಬಿಟ್ಟದ್ದರ ಪಟ್ಟಿಯನ್ನೇ ಹೇಳಿದರು. ಮೊದಲ ದಿನವೇ ಯಾಕೆ ಬೆಂಕಿ ಹಾಕಲಿಲ್ಲ, ಫೋನನ್ನು ಯಾಕೆ ಜೋಪಾನ ಮಾಡಲಿಲ್ಲ, ಇತ್ಯಾದಿ. ಕೈಯಲ್ಲಿ ಚಹಾ, ತಲೆಯ ಮೇಲೆ ಫ್ಯಾನು ಇರುವಾಗ ಎಲ್ಲರಿಗೂ ಉಪಾಯ ಹೊಳೆಯುತ್ತದೆ. ಹೆದರಿದವನ ಬುದ್ಧಿ ಹೇಗೆ ತಡವರಿಸುತ್ತದೆ ಎಂಬುದನ್ನು ಚಿತ್ರ ಸರಿಯಾಗಿಯೇ ತೋರಿಸಿದೆ. ಪರೀಕ್ಷೆಯ ಮೊದಲ ಹತ್ತು ನಿಮಿಷ ಮಕ್ಕಳ ಮುಖ ನೋಡಿದವರು ಇದನ್ನು ತಪ್ಪೆನ್ನಲಾರರು.

ಛಲದ ಪಕ್ಷದವರು ಇನ್ನೂ ಅಪಾಯಕಾರಿ. ಶಿಕ್ಷಕರ ತರಬೇತಿಯೊಂದಕ್ಕೆ ಬಂದಿದ್ದ ಸಂಪನ್ಮೂಲ ವ್ಯಕ್ತಿಯೊಬ್ಬರು ಇದನ್ನು ವ್ಯಕ್ತಿತ್ವ ವಿಕಸನದ ಪಾಠವನ್ನಾಗಿ ಮಾಡಿ, ಮನಸ್ಸಿದ್ದರೆ ಮೂವತ್ತೈದನೆಯ ಮಹಡಿಯಿಂದಲೂ ಇಳಿಯಬಹುದು ಎಂದರು. ಇಳಿಯಬಹುದು ನಿಜ. ಹತ್ತಿಸಿದವರು ಯಾರು ಸ್ವಾಮಿ? ವಾಸಕ್ಕೆ ಅನುಮತಿಯೇ ಇಲ್ಲದ ಕಟ್ಟಡಕ್ಕೆ ಬಾಡಿಗೆದಾರನನ್ನು ತಂದು ಬಿಟ್ಟವರು ಯಾರು? ಸ್ವಾಧೀನಾನುಭವ ಪತ್ರ, ಜನರ ಬಾಯಲ್ಲಿ ಒ.ಸಿ., ಎಂಬುದೊಂದಿದೆ. ಕಟ್ಟಡ ನಕ್ಷೆಯಂತೆ ಎದ್ದಿದೆ, ಮನುಷ್ಯರು ಇರಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಕಾಗದ. ಅದಿಲ್ಲದ ಮನೆಯಲ್ಲಿ ನೀರು, ವಿದ್ಯುತ್ತು ಯಾವ ಘಳಿಗೆಯಲ್ಲಾದರೂ ನಿಲ್ಲಬಹುದು. ಚಿತ್ರದ ಎಲ್ಲ ಸಂಕಟದ ಬೇರು ಇಲ್ಲಿದೆ.

ಇದು ಕಟ್ಟುಕತೆಯ ಮುಂಬಯಿಯೂ ಅಲ್ಲ. ವರ್ಲಿಯ ಕ್ಯಾಂಪಾ ಕೋಲಾ ಕಾಂಪೌಂಡಿನಲ್ಲಿ 1980ರ ದಶಕದಲ್ಲಿ ಪರವಾನಗಿ ಮೀರಿ ಮಹಡಿಯ ಮೇಲೆ ಮಹಡಿ ಎದ್ದವು. ಒಂದು ಕಟ್ಟಡವಂತೂ ಇಪ್ಪತ್ತು ಅಂತಸ್ತು ಮುಟ್ಟಿತು. ಸುಪ್ರೀಂ ಕೋರ್ಟು 2013ರಲ್ಲಿ ಆ ಹೆಚ್ಚುವರಿ ಮಹಡಿಗಳನ್ನು ಅಕ್ರಮವೆಂದಿತು. 2014ರ ಜೂನಿನಲ್ಲಿ ಪಾಲಿಕೆಯವರು ಬಂದು ಗ್ಯಾಸು, ನೀರು, ವಿದ್ಯುತ್ತು ಕತ್ತರಿಸಿದರು. ಗಂಟುಮೂಟೆ ಕಟ್ಟಿದವರು ಮನೆ ಕೊಂಡವರು. ಇಂಥ ಪತ್ರವಿಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಸಂಪರ್ಕ ಕೊಡಕೂಡದು ಎಂದು ಅದೇ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಹೇಳಿತು. ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಕಡೆಯ ಎಷ್ಟೋ ಹುಡುಗರು ಇಂದಿಗೂ ಈ ಕಾಗದವನ್ನು ಕಣ್ಣಿಂದ ಕಂಡಿಲ್ಲ.

ಒಂಬತ್ತನೆಯ ತರಗತಿಯಲ್ಲಿ ಈ ಕತೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ಮನೆ ಓನರು ಬಾಡಿಗೆ ಕೇಳೋಕೂ ಬರ್ಲಿಲ್ವಾ?” ಎಂದಳು. ಚಿತ್ರಕ್ಕೆ ಈ ಪ್ರಶ್ನೆ ಹೊಳೆದಿದ್ದರೆ ಅದು ಬೇರೆಯೇ ಎತ್ತರಕ್ಕೆ ಹೋಗುತ್ತಿತ್ತು. ದಲ್ಲಾಳಿ ಬಾಗಿಲು ತೆರೆದುಕೊಟ್ಟು ಕತೆಯಿಂದಲೇ ಮಾಯವಾಗುತ್ತಾನೆ. ಬಿಲ್ಡರನಿಗೆ ಮುಖವೇ ಇಲ್ಲ. ಶೌರ್ಯ ತಿಳಿದಷ್ಟನ್ನೇ ನಾವೂ ತಿಳಿಯಬೇಕೆಂಬ ಶಿಸ್ತು ಇದು ಎನ್ನಬಹುದು. ಒಪ್ಪೋಣ. ಆದರೆ ಅವನು ಹೊರಬಂದ ಮೇಲೂ ಚಿತ್ರಕ್ಕೆ ಆ ಕಡೆ ತಿರುಗುವ ಮನಸ್ಸಿಲ್ಲವಲ್ಲ!

ಮೋಟ್ವಾನೆಯವರಿಗೆ ಶಕ್ತಿಯಿಲ್ಲ ಎಂದು ನಾನು ಹೇಳುತ್ತಿಲ್ಲ. ಅವರ ಮೊದಲ ಚಿತ್ರ ‘ಉಡಾನ್’ (2010) ಕೂಡ ಸೆರೆಯ ಕತೆಯೇ. ಜಮ್‌ಶೆಡ್‌ಪುರದ ಮನೆಯಲ್ಲಿ ಮಗನಿಂದ ‘ಸರ್’ ಎಂದು ಕರೆಸಿಕೊಳ್ಳುವ ಅಪ್ಪ, ರೋನಿತ್ ರಾಯ್ ಮಾಡಿದ ಆ ಪಾತ್ರ, ಈಗ ನೆನೆದರೂ ನನಗೆ ಮೈ ನಡುಗುತ್ತದೆ. ಸೆರೆಮನೆ ಇದ್ದಲ್ಲಿ ಕಾಯುವವನೂ ಇರುತ್ತಾನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಏಳು ವರ್ಷದಲ್ಲಿ ಅವನನ್ನೇ ಕೈಬಿಟ್ಟು, ತಪ್ಪನ್ನು ಒಂದು ಬೀಗದ ಮೇಲೆ ಹೊರಿಸಿದರು.

ಇನ್ನು ಕಾವಲುಗಾರನ ಮಾತು. ‘ಸ್ವರ್ಗ್’ಗೆ ಒಬ್ಬನಿದ್ದಾನೆ, ಅವನಿಗೆ ಕಿವಿ ಮಂದ. ಕತೆ ನಡೆಯಲು ಅನುಕೂಲ, ಅಷ್ಟೆ. ಮಲಯಾಳದ ‘ಹೆಲೆನ್’ (2019) ಮತ್ತು ಅದನ್ನೇ ಹಿಂದಿಗೆ ತಂದ ‘ಮಿಲಿ’ (2022) ಚಿತ್ರಗಳಲ್ಲೂ ಒಬ್ಬ ಕಾವಲುಗಾರನಿದ್ದಾನೆ. ಹೋಟೆಲಿನ ಶೀತಲ ಕೋಣೆಯಲ್ಲಿ ಹುಡುಗಿ ಸಿಕ್ಕಿಕೊಂಡಿರುತ್ತಾಳೆ. ದಿನಾ ಹೋಗುವಾಗ ಬರುವಾಗ ತನ್ನನ್ನು ನೋಡಿ ನಗುವ ಹುಡುಗಿ ಇವತ್ತು ಹೊರಗೆ ಹೋಗಲೇ ಇಲ್ಲ ಎಂದು ಆ ಬಡಪಾಯಿ ಹೇಳಿದ್ದರಿಂದ ಅವಳು ಉಳಿಯುತ್ತಾಳೆ. ಚಿತ್ರವಾಗಿ ‘ಮಿಲಿ’ಗಿಂತ ‘ಟ್ರ್ಯಾಪ್ಡ್’ ಹತ್ತು ಪಾಲು ಬಿಗಿ. ಆದರೂ ಒಬ್ಬ ಮನುಷ್ಯ ಕಾಣೆಯಾದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆಯನ್ನು ‘ಮಿಲಿ’ ಕೈಗೆತ್ತಿಕೊಂಡಿತು. ಶೌರ್ಯನಿಗೆ ಕೋಣೆಯ ಗೆಳೆಯರಿದ್ದರು, ಆಫೀಸಿತ್ತು. ದಿನದ ಮೇಲೆ ದಿನ ಕಳೆದರೂ ಅವರೆಲ್ಲ ಏನು ಮಾಡುತ್ತಿದ್ದರು?

ಕಡೆಗೆ ನೂರಿ. ಶೌರ್ಯ ಹೊರಬರುವ ಹೊತ್ತಿಗೆ ಅವಳ ಮದುವೆ ಆಗಿಹೋಗಿದೆ. ಚಿತ್ರ ಇದನ್ನು ಅವನಿಗಾದ ನಷ್ಟವೆಂದು ಲೆಕ್ಕ ಹಾಕುತ್ತದೆ. ಕರೆದೊಯ್ಯುತ್ತೇನೆಂದವನು ಬರಲಿಲ್ಲ, ಫೋನು ಎತ್ತಲಿಲ್ಲ. ಮುಹೂರ್ತ ಹತ್ತಿರವಾಗುತ್ತಿದೆ, ಮನೆ ತುಂಬ ನೆಂಟರು. ಅವಳು ಆ ದಿನಗಳನ್ನು ಹೇಗೆ ಕಳೆದಳು, ಎಷ್ಟು ಸಲ ಬಾಗಿಲ ಕಡೆ ನೋಡಿದಳು? ಇಲಿಗೆ ಅಷ್ಟು ಹೊತ್ತು ಕೊಟ್ಟ ನಿರ್ದೇಶಕರು ಇವಳಿಗೆ ಐದು ನಿಮಿಷ ಕೊಡಬಹುದಿತ್ತು.