ಸಾವಿರ ರೂಪಾಯಿಯ ದಂಡ, ನಕ್ಷೆಯ ಮೂಲೆಯ ಹೆಸರು

ಅಪ್ರೆಂಟಿಸ್‌ಗಳ ಶಿಷ್ಯವೇತನವನ್ನು ಶೇ 36ರಷ್ಟು ಏರಿಸಿ, 2019ರ ನಿಯಮಗಳು ಗೊತ್ತುಪಡಿಸಿದ 5,000ದಿಂದ 9,000 ರೂಪಾಯಿಗಳ ಶ್ರೇಣಿಯನ್ನು 6,800ರಿಂದ 12,300ಕ್ಕೆ ಒಯ್ಯಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿಯು 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿದಂದಿನಿಂದ ಈ ವಿಷಯದಲ್ಲಿ ಆಡಿದ ಮಾತು, ಬರೆದ ಬರಹಗಳೆಲ್ಲವೂ ಆ ಮೊತ್ತವನ್ನೇ ಸುತ್ತುತ್ತಿವೆ. ಏರಿಕೆ ಸಾಲದೆಂದು ಒಬ್ಬರು, ಏರಿಸಿದರೆ ಕಾರ್ಖಾನೆಗಳು ಹುಡುಗರನ್ನು ತೆಗೆದುಕೊಳ್ಳವೆಂದು ಮತ್ತೊಬ್ಬರು. ವೇತನ ಏರತಕ್ಕದ್ದೇ, ಅದರಲ್ಲಿ ನನಗೆ ಲೇಶವೂ ಸಂದೇಹವಿಲ್ಲ. ಆದರೆ ಇಬ್ಬರೂ ನೋಡದೆ ಬಿಟ್ಟ ಅಂಕಿ ಬೇರೊಂದಿದೆ. ಶಿಶಿಕ್ಷುವನ್ನು ಅವನ ತರಬೇತಿಗೆ ಸಂಬಂಧವಿಲ್ಲದ ಕೆಲಸಕ್ಕೆ ಹಚ್ಚಿದ ಮಾಲೀಕನಿಗೆ 1961ರ ಅಪ್ರೆಂಟಿಸ್ ಕಾಯಿದೆಯ 30ನೆಯ ಕಲಮು, 2014ರ ತಿದ್ದುಪಡಿಯ ತರುವಾಯ, ವಿಧಿಸುವ ದಂಡವು ಪ್ರತಿ ಪ್ರಸಂಗಕ್ಕೆ ಒಂದು ಸಾವಿರ ರೂಪಾಯಿ. ಈ ಸಾವಿರಕ್ಕೆ ಅರ್ಥ ಬರುವತನಕ ಹನ್ನೆರಡು ಸಾವಿರದ ಮುನ್ನೂರಕ್ಕೂ ಅರ್ಥ ಬಾರದೆಂಬುದು ನನ್ನ ನಿಶ್ಚಿತಾಭಿಪ್ರಾಯ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯಲ್ಲಿ ನಿಂತು ನೋಡುವವನಿಗೆ ಇದು ಬೇಗ ಕಾಣುತ್ತದೆ. ನೆಲದಡಿಯ ಸುಣ್ಣಕಲ್ಲು, 1874ರಲ್ಲಿ ನಿಜಾಮನ ರೈಲು ವಾಡಿಗೆ ಬಂದು ಕೂಡಿದ ಸಂಧಿಸ್ಥಾನ, ಅದರ ಬೆನ್ನಿಗೆ ಬಂದ ಸಿಮೆಂಟು: ಇವುಗಳಿಂದ ಈ ಪ್ರಾಂತವು ಯಂತ್ರಗಳ ನಡುವೆಯೇ ಬೆಳೆದಿದೆ. ಶಹಾಬಾದದಲ್ಲಂತೂ, ಎಸಿಸಿ-ವಿಕರ್ಸ್-ಬ್ಯಾಬ್‌ಕಾಕ್ ಎಂಬ ತ್ರಿನಾಮದಿಂದ ಜನರ ಬಾಯಲ್ಲಿ ಎವಿಬಿಯಾಗಿ, ಮುಂದೆ ಎಬಿಎಲ್ಲಾಗಿ, ಆಲ್‌ಸ್ಟಾಮಾಗಿ ಹೆಸರು ಬದಲಿಸುತ್ತ ಬಂದ ಕಾರ್ಖಾನೆಯು ಬಾಯ್ಲರುಗಳ ಭಾರಿ ಭಾಗಗಳನ್ನೇ ನಿರ್ಮಿಸಿತು. ಯಂತ್ರವನ್ನು ಓಡಿಸುವುದಷ್ಟೇ ಅಲ್ಲ, ಯಂತ್ರವನ್ನು ಮಾಡುವುದೂ ಈ ನೆಲಕ್ಕೆ ತಿಳಿಯದ ವಿದ್ಯೆಯಲ್ಲ. ಹೀಗಿದ್ದೂ ಇಲ್ಲಿಯ ಡಿಪ್ಲೊಮಾ ಅಥವಾ ಬಿ.ಇ. ಮುಗಿಸಿದ ಹುಡುಗ ಹುಡುಗಿಯರು ‘ಡಿಸೈನ್ ಅಪ್ರೆಂಟಿಸ್’ ಎಂಬ ಹೆಸರನ್ನು ಹೊತ್ತು ಒಳಹೋಗಿ, ವರ್ಷಾಂತ್ಯಕ್ಕೆ ತಮ್ಮದೆಂದು ತೋರಿಸಬಹುದಾದ ಒಂದು ನಕ್ಷೆಯೂ ಇಲ್ಲದೆ ಹೊರಬರುವುದುಂಟು.

ನಾಲ್ಕು ದಶಕಗಳ ಹಿಂದೆ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಶಿಶಿಕ್ಷುವಾಗಿ ವರ್ಷವೊಂದನ್ನು ಕಳೆದವನು ನಾನು. ಮೊದಲ ಐದು ತಿಂಗಳು ಅಮೋನಿಯಾ ಪ್ರಿಂಟುಗಳ ಕಟುವಾಸನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಪ್ರತಿ ತೆಗೆದೆ, ಹಾಜರಿಪುಸ್ತಕ ಬರೆದೆ, ಒಂದು ಇಲಾಖೆಯ ಕಾಗದವನ್ನು ಇನ್ನೊಂದಕ್ಕೆ ಮುಟ್ಟಿಸಿದೆ. ಯಾರೂ ನನ್ನನ್ನು ಹಿಂಸಿಸಲಿಲ್ಲ. ಎಲ್ಲರೂ ಸೌಜನ್ಯದಿಂದಲೇ ಇದ್ದರು. ಆ ಸೌಜನ್ಯದಲ್ಲಿಯೇ ಐದು ತಿಂಗಳು ಕರಗಿದವು. ಆರನೆಯ ತಿಂಗಳಲ್ಲಿ, ಸುಣ್ಣಕಲ್ಲನ್ನು ಸುಡುವ ಕೊಳವೆಗೂಡು, ಎಂದರೆ ಕಿಲ್ನು, ಶಟ್‌ಡೌನಿಗೆ ಬಂದಾಗ, ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯ ಡ್ರಾಫ್ಟ್ಸ್‌ಮನ್ನರೊಬ್ಬರು ನನ್ನ ಕೈಗೆ ಟೇಪು ಕೊಟ್ಟು ಕರೆದುಕೊಂಡು ಹೋಗಿ, ತಣ್ಣಗಾದ ಕಿಲ್ನನ್ನು ಹೊತ್ತಿದ್ದ ಉಕ್ಕಿನ ಬಳೆಯು ತನ್ನ ರೋಲರಿನ ನಟ್ಟನಡುವೆ ಕೂರದೆ ಒಂದು ಪಕ್ಕಕ್ಕೆ ಸರಿದು ಕೂತಿದ್ದುದನ್ನು ತೋರಿಸಿದರು. ನಕ್ಷೆಯೇ ತಪ್ಪಿರಬೇಕೆಂದೆ. “ತಮ್ಮಾ, ಕಾಗದದ ಮ್ಯಾಲ ಕಬ್ಬಿಣ ಬೆಳ್ಯಂಗಿಲ್ಲ. ಇಲ್ಲಿ ಬೆಳಿತದ” ಎಂದರು.

ಅರವತ್ತು ಮೀಟರ್ ಉದ್ದದ ಉಕ್ಕಿನ ಕವಚವು 250 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 18 ಸೆಂಟಿಮೀಟರ್ ಉದ್ದವಾಗುತ್ತದೆ. ಬಿಸಿಯಾದಾಗ ಬಳೆಯು ರೋಲರಿನ ಮಧ್ಯಕ್ಕೆ ಬರಬೇಕಾದರೆ ತಣ್ಣಗಿರುವಾಗ ಅದು ತಕ್ಕಷ್ಟು ಸರಿದೇ ಇರಬೇಕು; ರಚಿಸುವವನು ಈ ಬೆಳವಣಿಗೆಯನ್ನು ಮೊದಲೇ ಎಣಿಸಿ ಕಂಬಗಳ ಅಂತರವನ್ನು ಬರೆಯಬೇಕು. ಸೂತ್ರವು ನನಗೆ ಕಾಲೇಜಿನಲ್ಲಿಯೇ ಕಂಠಪಾಠವಾಗಿತ್ತು. ಅದು ನಕ್ಷೆಯಲ್ಲಿ ಎಲ್ಲಿ ಅಡಗಿ ಕೂತಿರುತ್ತದೆಂಬುದು ಆ ಮಧ್ಯಾಹ್ನ ತಿಳಿಯಿತು. ಹಾಗೆಯೇ, ಮಳೆಗಾಲದಲ್ಲಿ ಒದ್ದೆ ಸುಣ್ಣಕಲ್ಲು ಕಚ್ಚಿಕೊಂಡು ಕಟ್ಟಿಹೋದ, ಕಲ್ಲು ಜಾರಿಸುವ ಚ್ಯೂಟನ್ನು ಕಂಡವನು, ಮುಂದೆ ಚ್ಯೂಟಿನ ಇಳಿಜಾರನ್ನು ಒಣಗಿದ ಕಲ್ಲಿನ ಲೆಕ್ಕದಲ್ಲಿ ಎಂದೂ ಬರೆಯಲಾರ. ವಿನ್ಯಾಸದ ಶಿಷ್ಯವೃತ್ತಿಯೆಂದರೆ ಮೇಜಿನಿಂದ ಯಂತ್ರಕ್ಕೂ ಯಂತ್ರದಿಂದ ಮೇಜಿಗೂ ನಡೆಯುವ ಈ ಓಡಾಟವೇ. ಈಗ ಅಮೋನಿಯಾದ ಸ್ಥಾನದಲ್ಲಿ ಎಕ್ಸೆಲ್ ಹಾಳೆಗಳು, ಗೇಟ್‌ಪಾಸುಗಳು, ಸಭೆಗಾಗಿ ಮಾಡುವ ಪಿಪಿಟಿಗಳು ಬಂದಿವೆ. ಆಟೋಕ್ಯಾಡ್ ತೆರೆದಿದ್ದರೂ ಹಳೆಯ ನಕ್ಷೆಯ ಮೇಲೆ ತಾರೀಖು ತಿದ್ದುವುದಕ್ಕಷ್ಟೇ ಎಂದು ಈಚಿನ ಹುಡುಗರು ಹೇಳುವಾಗ ನನಗೆ ನನ್ನ ಐದು ತಿಂಗಳುಗಳು ನೆನಪಾಗುತ್ತವೆ.

ಕಲಿಯಬಂದವನನ್ನು ಅನ್ಯ ಕೆಲಸಕ್ಕೆ ಹಚ್ಚುವ ಈ ದೋಷವನ್ನು ನಮ್ಮ ಪೂರ್ವಿಕರು ಅರಿಯದವರಲ್ಲ, ಅದೂ ಈ ಸೀಮೆಯವರು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದು, ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನ ಊರೆಂದು ಪರಂಪರೆಯು ಹೇಳುವ ಮರತೂರು ಶಹಾಬಾದಕ್ಕೆ ಸಮೀಪದಲ್ಲಿದೆ. ದಾಯಭಾಗದ ವ್ಯಾಜ್ಯಗಳಿಗಾಗಿ ಆ ಗ್ರಂಥವನ್ನು ಉಲ್ಲೇಖಿಸುವವರು ಅಸಂಖ್ಯ. ಆದರೆ ಅದರಲ್ಲಿ ಶಿಲ್ಪವಿದ್ಯೆಯನ್ನು ಕಲಿಯಬಂದ ‘ಅಂತೇವಾಸಿ’ಯ ವಿಚಾರವೂ ಇದೆಯೆಂಬುದನ್ನು ಸ್ಮರಿಸುವವರನ್ನು ನಾನು ಕಾಣೆ. ವೇದವನ್ನು ಕಲಿಯುವ ಶಿಷ್ಯನಿಂದಲೂ, ಕೂಲಿಗೆ ದುಡಿಯುವ ಭೃತಕನಿಂದಲೂ ಅಂತೇವಾಸಿಯನ್ನು ಅಲ್ಲಿ ಪ್ರತ್ಯೇಕಿಸಲಾಗಿದೆ. ಕಸುಬು ಕೈಗೆ ಬಂದ ಮೇಲೆಯೂ ಒಪ್ಪಿದ ಅವಧಿ ಮುಗಿಯುವವರೆಗೆ ಅವನು ಗುರುಗೃಹದಲ್ಲಿದ್ದು, ತನ್ನ ದುಡಿಮೆಯ ಫಲವನ್ನು ಅನ್ನವಿತ್ತ ಗುರುವಿಗೇ ಒಪ್ಪಿಸಬೇಕೆಂದು ಯಾಜ್ಞವಲ್ಕ್ಯನ ವಿಧಿ. ಇದು ಗುರುವಿನ ಲಾಭ. ಅದಕ್ಕೆ ಪ್ರತಿಯಾಗಿ ಗುರುವಿನ ಮೇಲೆ ನಾರದಸ್ಮೃತಿಯು ಹೊರಿಸುವ ಹೊಣೆ ಇದು: ಅಂತೇವಾಸಿಗೆ ಉಣಿಸಿ ಕಲಿಸಬೇಕು, ಮಗನಂತೆ ಕಾಣಬೇಕು, ಅವನಿಂದ ಅನ್ಯ ಕೆಲಸವನ್ನು ಮಾಡಿಸಕೂಡದು. ಊಟ ಎಷ್ಟಿರಬೇಕೆಂಬ ಚರ್ಚೆಗಿಂತ ಕೆಲಸ ಯಾವುದಿರಬೇಕೆಂಬ ನಿಷೇಧವೇ ಅಲ್ಲಿ ಖಚಿತವಾದುದು. ನಮ್ಮ 30ನೆಯ ಕಲಮು ಹೇಳುವುದೂ ಅಕ್ಷರಶಃ ಅದನ್ನೇ. ಕೇವಲ ಸಾವಿರ ರೂಪಾಯಿಯ ಬೆಲೆ ಕಟ್ಟಿ ಹೇಳುತ್ತದೆ.

ಆ ಸಾವಿರವನ್ನಾದರೂ ವಸೂಲು ಮಾಡುವ ಬಗೆ ಹೇಗೆ? ‘ಪ್ರಸಂಗ’ವನ್ನು ಎಣಿಸುವವರಾರು? ಪ್ರಮಾಣಪತ್ರಕ್ಕಾಗಿ ಕಾದಿರುವ ಇಪ್ಪತ್ತೆರಡರ ಹುಡುಗನು, ತನ್ನಿಂದ ಗೇಟ್‌ಪಾಸು ಬರೆಸಿದರೆಂದು ದೂರು ಕೊಡಲು ಹೋಗುವನೇ? ಕಾಯಿದೆಯ 19ನೆಯ ಕಲಮು ಪ್ರತಿ ಶಿಶಿಕ್ಷುವಿನ ತರಬೇತಿಯ ಪ್ರಗತಿಯನ್ನು ದಾಖಲಿಸಿಡಬೇಕೆನ್ನುತ್ತದೆ. ಫಿಟ್ಟರನ ವಿಷಯದಲ್ಲಿ ಆ ದಾಖಲೆಗೆ ಕೊನೆಯಲ್ಲೊಂದು ಪರೀಕ್ಷೆಯ ಆಧಾರವಾದರೂ ಇದೆ; 1973ರ ತಿದ್ದುಪಡಿಯಿಂದ ಕಾಯಿದೆಯ ಒಳಗೆ ಬಂದ ಪದವೀಧರ ಮತ್ತು ಡಿಪ್ಲೊಮಾ ಶಿಶಿಕ್ಷುಗಳ ವಿಷಯದಲ್ಲಿ ‘ತೃಪ್ತಿಕರ’ ಎಂಬ ಒಂದು ಪದದಲ್ಲಿ ಇಡೀ ವರ್ಷವೇ ಅಡಗಬಲ್ಲದು. ಇತರ ಅರ್ಹತೆಗಳು ಸಮವಾಗಿದ್ದರೆ ನೇಮಕದಲ್ಲಿ ತರಬೇತಾದ ಶಿಶಿಕ್ಷುವಿಗೆ ಆದ್ಯತೆ ಸಲ್ಲಬೇಕೆಂದು, ಉತ್ತರ ಪ್ರದೇಶದ ಸಾರಿಗೆ ನಿಗಮದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಹೇಳಿತು. ಕಲಿಸದೆ ಕಳುಹಿಸಿದವನಿಗೆ ಆ ಸಮತೆ ಎಲ್ಲಿಂದ ಬರಬೇಕು? ಈ ಭಾಗಕ್ಕೆಂದೇ ಸಂವಿಧಾನದಲ್ಲಿರುವ 371(ಜೆ) ವಿಧಿಯ ಮೀಸಲಾತಿಯೂ ಖಾಸಗಿ ಕಾರ್ಖಾನೆಯ ಬಾಗಿಲಿನಾಚೆ ಹೋಗದು. ಈ ಭಾಗದ ಹುಡುಗನಿಗೆ ಅಲ್ಲಿ ಇರುವ ಆಸ್ತಿ ಅವನು ಕಲಿತದ್ದೊಂದೇ.

ತಪಾಸಣೆಯ ಹೊರೆ ಹೆಚ್ಚಿದರೆ ಕಾರ್ಖಾನೆಗಳು ಹಿಂಜರಿಯುತ್ತವೆಂಬ ಆಕ್ಷೇಪವನ್ನು ನಾನು ಬಲ್ಲೆ. ಆದರೆ ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯಲ್ಲಿ ಕನಿಷ್ಠ ವೇತನದ ಅರ್ಧಭಾಗವನ್ನು, ಎಂದರೆ 2019ರ ದರದಲ್ಲಿ ಪದವೀಧರನಿಗೆ ತಿಂಗಳಿಗೆ 4,500, ಡಿಪ್ಲೊಮಾದವನಿಗೆ 4,000 ರೂಪಾಯಿಗಳನ್ನು ಭರಿಸುವುದು ಕೇಂದ್ರ ಸರ್ಕಾರ. ಕಲಿಸುವುದಕ್ಕೆಂದು ಕೊಟ್ಟ ಸಾರ್ವಜನಿಕ ಹಣದಿಂದ ಅರ್ಧಬೆಲೆಯ ಗುಮಾಸ್ತನು ದೊರೆಯುವಂತಿದ್ದರೆ, ಏನು ಕಲಿಸಿದಿರೆಂದು ಕೇಳುವುದು ಹೊರೆಯಲ್ಲ, ಲೆಕ್ಕ ಕೇಳುವುದು. ವೇತನವೂ ಅದರ ಅರ್ಧಭಾಗವೂ ಏರುವ ಹೊತ್ತಿನಲ್ಲಿ ಈ ಲೆಕ್ಕವನ್ನು ಇನ್ನಷ್ಟು ಬಿಗಿಯಾಗಿಯೇ ಕೇಳಬೇಕು.

ಅದಕ್ಕೆ ಬೇಕಾದ ಸಾಧನವು ಪ್ರತಿ ನಕ್ಷೆಯ ಬಲಬದಿಯ ಕೆಳಮೂಲೆಯಲ್ಲಿ ಮೊದಲಿನಿಂದಲೂ ಇದೆ: ರಚಿಸಿದವರು, ಪರಿಶೀಲಿಸಿದವರು, ಅನುಮೋದಿಸಿದವರು ಎಂಬ ಮೂರು ಮನೆಗಳು. ವಿನ್ಯಾಸದ ಶಿಶಿಕ್ಷುವಿನ ಹೆಸರು ಮೊದಲ ಮನೆಯಲ್ಲಿಯೂ, ಅವನ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದಿದವರ ಸಹಿ ಎರಡನೆಯದರಲ್ಲಿಯೂ ಇರುವ ನಕ್ಷೆಗಳ ಪಟ್ಟಿಯನ್ನು, ನಕ್ಷೆಗಳನ್ನಲ್ಲ, ಸಂಖ್ಯೆ ಮತ್ತು ತಾರೀಖುಗಳ ಪಟ್ಟಿಯನ್ನು ಮಾತ್ರ, ಮೂರು ತಿಂಗಳಿಗೊಮ್ಮೆ ಚೆನ್ನೈಯ ದಕ್ಷಿಣ ವಲಯದ ಶಿಶಿಕ್ಷು ತರಬೇತಿ ಮಂಡಳಿಗೆ ಕಳುಹಿಸುವುದು ಕಡ್ಡಾಯವಾಗಲಿ. ಎರಡು ಸಲ ಪಟ್ಟಿ ಬರಿದಾಗಿ ಬಂದರೆ ಆ ಆರು ತಿಂಗಳ ಸರ್ಕಾರದ ಪಾಲನ್ನು ಶಿಶಿಕ್ಷುವಿನ ಖಾತೆಯನ್ನು ಮುಟ್ಟದೆ ಕಾರ್ಖಾನೆಯಿಂದಲೇ ಹಿಂದಕ್ಕೆ ಪಡೆಯತಕ್ಕದ್ದು. ಪದವೀಧರನೊಬ್ಬನಿಗೆ ಅದು 27,000 ರೂಪಾಯಿಗಳಾಗುತ್ತದೆ.