ಅಪರಿಚಿತ ಸ್ವರಮೇಳದ ಎದುರಿನಲ್ಲಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಶಾಲಾ ಕಾಲೇಜುಗಳ ವಾರ್ಷಿಕೋತ್ಸವಗಳಲ್ಲಿ ಇಂದು ಕೀಬೋರ್ಡಿಗೂ ಒಂದು ಸ್ಥಾನವುಂಟು. ಕಂಠಪಾಠ ಮಾಡಿದ ಹಾಡನ್ನು ವಿದ್ಯಾರ್ಥಿಗಳು ತಪ್ಪಿಲ್ಲದೆ ನುಡಿಸುತ್ತಾರೆ. ನಾವೂ ಸಂತೋಷದಿಂದ ಚಪ್ಪಾಳೆ ತಟ್ಟುತ್ತೇವೆ. ಆದರೆ ಜೊತೆಗಾರನು ಅವರರಿಯದ ಎರಡು ಸ್ವರಮೇಳಗಳನ್ನು, ಎಂದರೆ ಕಾರ್ಡುಗಳನ್ನು, ನುಡಿಸುತ್ತ "ಇದರ ಮೇಲೆ ತೋಚಿದುದನ್ನು ನುಡಿಸು" ಎಂದರೆ ಬೆರಳುಗಳು ನಿಂತುಬಿಡುತ್ತವೆ. ಭೌತವಿಜ್ಞಾನದ ತರಗತಿಯಲ್ಲಿಯೂ ನಾವು ಕಾಣುವುದು ಇದನ್ನೇ. ಪುಸ್ತಕದ ಲೆಕ್ಕವನ್ನು ಬಿಡಿಸಿದ ಲೇಖನಿಯು, ಲೆಕ್ಕದ ರೂಪ ತುಸು ಬದಲಾದೊಡನೆ ನಿಲ್ಲುತ್ತದೆ. ಎರಡೂ ಒಂದೇ ರೋಗದ ಲಕ್ಷಣಗಳೆಂದು ನಮ್ಮ ಅಭಿಪ್ರಾಯ.

ಮನೋಧರ್ಮವು ಹುಟ್ಟಿನಿಂದ ಬರುವ ವರ, ಅದನ್ನು ಕಲಿಸಲಾಗದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇದು ನಿಜವೇ? ಒಂದು ಉದಾಹರಣೆಯನ್ನು ಪರೀಕ್ಷಿಸೋಣ.

ಅಮೆರಿಕದ ಹರ್ಬಿ ಹ್ಯಾನ್‌ಕಾಕ್ 1973ರಲ್ಲಿ ಹೊರತಂದ 'ಹೆಡ್ ಹಂಟರ್ಸ್' ಧ್ವನಿಮುದ್ರಿಕೆಯಲ್ಲಿ 'ಕಮೀಲಿಯನ್', ಎಂದರೆ ಗೋಸುಂಬೆ, ಎಂಬ ಕೃತಿಯಿದೆ. ಜಾಝ್-ಫಂಕ್ ಶೈಲಿಯ ಈ ಕೃತಿಯ ಮುಖ್ಯ ಭಾಗವು ಎರಡೇ ಸ್ವರಮೇಳಗಳ ಮೇಲೆ ಸುತ್ತುತ್ತದೆ. ಮೊದಲನೆಯದರ ಸ್ವರಗಳನ್ನು ಸೆಕೆಂಡಿಗೆ ಸುಮಾರು 233, 277, 349, 415 ಕಂಪನಗಳಲ್ಲಿ ನುಡಿಸಬಹುದು. ಎರಡನೆಯದರವನ್ನು 233, 277, 311, 392 ಕಂಪನಗಳಲ್ಲಿ. ವಾಚಕರು ಈ ಅಂಕಿಗಳನ್ನು ಹೋಲಿಸಿ ನೋಡಲಿ. ಎರಡು ಸ್ವರಗಳು ಕದಲಲೇ ಇಲ್ಲ. 415 ಮಾತ್ರ ಪಕ್ಕದ ಮನೆಗೆ, ಎಂದರೆ ಅರ್ಧಸ್ವರ, ಇಳಿದಿದೆ. 349 ಎರಡು ಮನೆ ಇಳಿದಿದೆ. ಭಯಪಡುವಂತಹ ಅಪರಿಚಿತತೆಯೆಲ್ಲ ಇಷ್ಟೇ!

ನಮ್ಮ ಭಾಷೆಯಲ್ಲಿ ಹೇಳುವುದಾದರೆ, 233ನ್ನು ಷಡ್ಜವೆಂದಿಟ್ಟುಕೊಂಡಾಗ ಮೊದಲನೆಯದು ಷಡ್ಜ, ಸಾಧಾರಣ ಗಾಂಧಾರ, ಪಂಚಮ, ಕೈಶಿಕಿ ನಿಷಾದ; ಎರಡನೆಯದು ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಚತುಶ್ರುತಿ ಧೈವತ. ಇವೆಲ್ಲವೂ 22ನೆಯ ಮೇಳಕರ್ತವಾದ ಖರಹರಪ್ರಿಯದ ಸ್ವರಗಳೇ. ಆ ರಾಗವನ್ನು ಬಲ್ಲ ವಿದ್ಯಾರ್ಥಿಗೆ ಸಾಮಗ್ರಿ ಈಗಾಗಲೇ ಕೈಯಲ್ಲಿದೆ.

ಹಾಗಾದರೆ ಕಷ್ಟವೆಲ್ಲಿ? ಕೆಳಗಿನ ಸ್ವರಮೇಳ ಬದಲಾದಂತೆ ಸ್ವರದ ಅರ್ಥವೂ ಬದಲಾಗುತ್ತದೆ. ಮೊದಲನೆಯದರಲ್ಲಿ ನೆಮ್ಮದಿಯಾಗಿದ್ದ ನಿಷಾದವನ್ನು ಎರಡನೆಯದರ ಮೇಲೆಯೂ ಎಳೆದು ನಿಲ್ಲಿಸಿದರೆ, 415 ಮತ್ತು 392 ಒಂದನ್ನೊಂದು ತೀಡಿ ಸೆಕೆಂಡಿಗೆ ಸುಮಾರು 23 ಏರಿಳಿತಗಳು ಉಂಟಾಗುತ್ತವೆ. ಕಿವಿಗೆ ಒರಟು ತೋರುತ್ತದೆ. ಅದೇ ನಿಷಾದವು ಧೈವತಕ್ಕೆ ಇಳಿದರೆ ಒರಟುತನವೇ ರಂಜನೆಯಾಗುತ್ತದೆ.

ಆದುದರಿಂದ ಅಭ್ಯಾಸಕ್ರಮವೂ ಸ್ಪಷ್ಟ. ಎಡಗೈಯಿಂದ ಸ್ವರಮೇಳಗಳನ್ನು ನಿಧಾನವಾಗಿ ನುಡಿಸುತ್ತ, ಯಾವ ಸ್ವರ ಉಳಿಯಿತು, ಯಾವುದು ಸರಿಯಿತು ಎಂದು ಮೊದಲು ಗುರುತಿಸಬೇಕು. ಬಲಗೈಯಲ್ಲಿ ಆ ಎರಡೇ ಸ್ವರಗಳನ್ನು ಬೇರೆ ಬೇರೆ ಲಯಗಳಲ್ಲಿ ನುಡಿಸಬೇಕು. ಅನಂತರ ಉಳಿದ ಸ್ವರಗಳನ್ನು ಒಂದೊಂದಾಗಿ ಸೇರಿಸಬೇಕು. ನುಡಿಸಿದುದನ್ನು ಮುದ್ರಿಸಿಕೊಂಡು ಕೇಳಿ ತಿದ್ದಬೇಕು. ಊಹೆ, ಪರೀಕ್ಷೆ, ತಿದ್ದುಪಡಿ: ಇದು ಪ್ರಯೋಗಶಾಲೆಯ ಮಾರ್ಗವಲ್ಲದೆ ಬೇರೇನು?

ಇದು ಪರದೇಶದ ಮೋಹವೆಂದು ಯಾರೂ ಮೂಗುಮುರಿಯಬೇಕಿಲ್ಲ. ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಕಲಾವಿದರು, ಗಾಯಕಿ ಆರ್. ಎ. ರಮಾಮಣಿಯವರೊಡನೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊರನ್ನು ಕೂಡಿಕೊಂಡು 1983ರಲ್ಲಿ 'ಜ್ಯೋತಿ'ಯನ್ನು ಧ್ವನಿಮುದ್ರಿಸಿದರು. ಕಲ್ಪನಾಸ್ವರದಲ್ಲಿ ಪಳಗಿದವರಿಗೂ ಜಾಝ್‌ನಲ್ಲಿ ಪಳಗಿದವರಿಗೂ ಅಪರಿಚಿತವು ಆಹ್ವಾನವಾಯಿತು.

ತಪ್ಪಿನ ಭಯವೇ ದೊಡ್ಡ ಅಡ್ಡಿ. ಹ್ಯಾನ್‌ಕಾಕ್ ಸ್ವತಃ ಹೇಳಿಕೊಂಡಿರುವಂತೆ, 1960ರ ದಶಕದ ಒಂದು ಕಛೇರಿಯಲ್ಲಿ ಅವರು ತಪ್ಪು ಸ್ವರಮೇಳವನ್ನು ಒತ್ತಿಬಿಟ್ಟರು. ಮೈಲ್ಸ್ ಡೇವಿಸ್ ಕ್ಷಣಕಾಲ ತಡೆದು, ಆ ತಪ್ಪೇ ಸರಿಯೆನಿಸುವಂತಹ ಸ್ವರಗಳನ್ನು ತುತ್ತೂರಿಯಲ್ಲಿ ನುಡಿಸಿದರು. ಡೇವಿಸ್ ಅದನ್ನು ತಪ್ಪೆಂದು ಎಣಿಸಲಿಲ್ಲ, ನಡೆದ ಒಂದು ಸಂಗತಿಯೆಂದು ಸ್ವೀಕರಿಸಿದರು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಬಾಳಿನುದ್ದಕ್ಕೂ ಸಾರಿದರು. ಅವರ ನಾಡಿನ ಮಕ್ಕಳು ಕಂಠಪಾಠಕ್ಕಷ್ಟೇ ತೃಪ್ತರಾಗುವುದು ಸಲ್ಲದು. ಕಲಿತ ಪಾಠವನ್ನು ಒಪ್ಪಿಸಿದ ಮೇಲೆ, ಕಲಿಯದ ಎರಡು ಸ್ವರಮೇಳಗಳನ್ನೋ ಕಾಣದ ಒಂದು ಲೆಕ್ಕವನ್ನೋ ಮುಂದಿಟ್ಟು, ಹತ್ತು ನಿಮಿಷ ತಪ್ಪುಮಾಡುವ ಸ್ವಾತಂತ್ರ್ಯವನ್ನು ಉಪಾಧ್ಯಾಯರು ಕೊಡಲಿ. ಬೆರಳು ಮೊದಲು ತಡವರಿಸುವುದು ಸಹಜ. ಆದರೆ ಕಿವಿ ಅಲ್ಲಿಯೇ ಎಚ್ಚರಗೊಳ್ಳುತ್ತದೆ.