ಕಲ್ಲಿದ್ದಲಿನ ದುಡ್ಡು ಹಸಿರು ಕೆಲಸಕ್ಕೇ ಸಲ್ಲಬೇಕು

ಕಲ್ಲಿದ್ದಲು ತುಂಬಿದ ಗೂಡ್ಸ್ ರೈಲಿಗೆ ವಿದ್ಯುತ್ ಸ್ಥಾವರದವರು ಹೇಳುವ ಹೆಸರು ರೇಕ್. ರಾಯಚೂರು ಜಿಲ್ಲೆಯ ಶಕ್ತಿನಗರಕ್ಕೆ ಬರುವ ಒಂದು ರೇಕ್ ಎಂದರೆ ಹೆಚ್ಚುಕಡಿಮೆ 58 ವ್ಯಾಗನ್, ಸುಮಾರು 4,000 ಟನ್ ಕಲ್ಲಿದ್ದಲು. 2016ರಿಂದ 2025ರ ಸೆಪ್ಟೆಂಬರ್‌ವರೆಗೆ ಪ್ರತಿ ಟನ್ನಿನ ಮೇಲೆ 400 ರೂಪಾಯಿ ಸೆಸ್ ಇತ್ತು. ಒಂದು ರೇಕಿಗೆ 16 ಲಕ್ಷ ರೂಪಾಯಿ. ಕರ್ನಾಟಕ ವಿದ್ಯುತ್ ನಿಗಮ (ಕೆಪಿಸಿ) ಇದನ್ನು ಕಟ್ಟಿತು, ಯೂನಿಟ್ ದರಕ್ಕೆ ಸೇರಿಸಿತು. ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳು ಅದನ್ನು ನಮ್ಮ ನಿಮ್ಮ ಬಿಲ್ಲಿಗೆ ಇಳಿಸಿದವು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಒಂದೂ ಇಲ್ಲ. ಸಿಂಗರೇಣಿಯಿಂದಲೋ ಒಡಿಶಾದಿಂದಲೋ ತರಿಸಿ ಸುಡುತ್ತೇವೆ. ಹಾರುಬೂದಿ ಸುತ್ತಲಿನ ಊರುಗಳ ಮಾಳಿಗೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಹತ್ತಿ ಗಿಡದ ಎಲೆಯ ಮೇಲೆ ಕೂರುತ್ತದೆ. ಸೆಸ್ಸಿನ ದುಡ್ಡು ಮಾತ್ರ ದೆಹಲಿಗೆ ಹೋಯಿತು.

ಹೋಗಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಯಾವ ಕೆಲಸಕ್ಕೆಂದು ಎತ್ತಿದರೋ ಆ ಕೆಲಸಕ್ಕೆ ಅದು ಬರಲಿಲ್ಲ ಎಂಬುದು ನನ್ನ ತಕರಾರು.

2010ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪ್ರಣವ್ ಮುಖರ್ಜಿ ಈ ಸೆಸ್ ಘೋಷಿಸಿದಾಗ ಕಾರಣ ಸ್ಪಷ್ಟವಾಗಿತ್ತು. ಕಲ್ಲಿದ್ದಲು ಸುಡುವವರಿಂದ ಟನ್ನಿಗೆ 50 ರೂಪಾಯಿ ಪಡೆದು ರಾಷ್ಟ್ರೀಯ ಶುದ್ಧ ಇಂಧನ ನಿಧಿಗೆ ಹಾಕುವುದು, ಆ ನಿಧಿಯಿಂದ ಸೌರ, ಪವನ ವಿದ್ಯುತ್ತಿನ ಕೆಲಸಗಳಿಗೆ, ಸಂಶೋಧನೆಗೆ ಹಣ ಕೊಡುವುದು. ಹೊಗೆ ಉಗುಳುವವರೇ ಹೊಗೆಯಿಂದ ಬಿಡುಗಡೆಯ ಖರ್ಚು ಹೊರಬೇಕೆಂಬ ನ್ಯಾಯ ಅದರಲ್ಲಿತ್ತು. ಜಗತ್ತಿನ ಹಲವು ದೇಶಗಳು ಇಂಗಾಲದ ತೆರಿಗೆಯ ಬಗ್ಗೆ ಇನ್ನೂ ಚರ್ಚಿಸುತ್ತಿದ್ದ ಹೊತ್ತಿನಲ್ಲಿ ಭಾರತ ಅದನ್ನು ಸದ್ದಿಲ್ಲದೆ ಜಾರಿಗೆ ತಂದಿತ್ತು. ನಂತರದ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರು 2014ರಲ್ಲಿ ಅದನ್ನು 100ಕ್ಕೆ, 2015ರಲ್ಲಿ 200ಕ್ಕೆ, 2016ರಲ್ಲಿ 400ಕ್ಕೆ ಏರಿಸಿದರು. ಎರಡು ಪಕ್ಷಗಳ ಸರ್ಕಾರಗಳು ಒಪ್ಪಿ ನಡೆಸಿದ ಅಪರೂಪದ ಒಳ್ಳೆಯ ಕೆಲಸ ಇದಾಗಬಹುದಿತ್ತು.

ಆದರೆ ಕೇಂದ್ರವೇ ಕೊಟ್ಟ ಲೆಕ್ಕ ನೋಡಿ. 2010-11ರಿಂದ 2017-18ರವರೆಗೆ ಸಂಗ್ರಹವಾದದ್ದು 86,440 ಕೋಟಿ ರೂಪಾಯಿ. ಅದರಲ್ಲಿ ನಿಧಿಗೆ ವರ್ಗವಾದದ್ದು 29,645 ಕೋಟಿ. ಯೋಜನೆಗಳಿಗೆ ನಿಜವಾಗಿ ಸಂದದ್ದು 15,911 ಕೋಟಿ. ನೂರು ರೂಪಾಯಿ ಎತ್ತಿದರೆ ಹದಿನೆಂಟು ರೂಪಾಯಿ ಕೆಲಸಕ್ಕೆ ಬಂತು. ಆ ಹದಿನೆಂಟರಲ್ಲೂ ಒಂದು ಪಾಲು ಗಂಗೆಯ ಶುದ್ಧೀಕರಣಕ್ಕೆ ಹೋಯಿತು. ಗಂಗೆ ಶುದ್ಧವಾಗುವುದು ಬೇಡ ಎನ್ನುವ ಕನ್ನಡಿಗ ಯಾರೂ ಇಲ್ಲ. ಆದರೆ ಅದಕ್ಕೆ ಬೇರೆ ಬಾಬ್ತು ಇರಬೇಕಿತ್ತು.

2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಆ ಹೊತ್ತಿಗೆ ಶುದ್ಧ ಪರಿಸರ ಸೆಸ್ ಎನಿಸಿಕೊಂಡಿದ್ದ ಈ ಸೆಸ್ ರದ್ದಾಯಿತು, ಅದೇ 400 ರೂಪಾಯಿ ಜಿಎಸ್‌ಟಿ ಪರಿಹಾರ ಸೆಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಸುಡುವವರು ಕೊಡುವುದು ನಿಲ್ಲಲಿಲ್ಲ. ಹಸಿರು ಕೆಲಸಕ್ಕೂ ಆ ಹಣಕ್ಕೂ ಇದ್ದ ನಂಟು ಮಾತ್ರ ಕಡಿದುಹೋಯಿತು. ಖಾಲಿಯಾಗದೆ ಉಳಿದಿದ್ದ ಹಳೆಯ ಹಣವೂ ಪರಿಹಾರದ ಲೆಕ್ಕಕ್ಕೆ ಸೇರಿತು.

ಪರಿಹಾರದ ಹಣ ರಾಜ್ಯಗಳಿಗೇ ತಾನೇ ಬಂದದ್ದು, ಕರ್ನಾಟಕವೂ ಕೈತುಂಬ ಪಡೆಯಿತಲ್ಲ ಎಂದು ದೆಹಲಿಯ ಪರ ಮಾತಾಡುವವರು ಕೇಳುತ್ತಾರೆ. ಹೌದು, ಪಡೆಯಿತು. ಆದರೆ ಅದು ಜಿಎಸ್‌ಟಿಯಿಂದ ರಾಜ್ಯಗಳಿಗಾಗುವ ಖೋತಾ ತುಂಬಿಕೊಡುತ್ತೇವೆಂದು ಕೇಂದ್ರ ಕಾನೂನಿನಲ್ಲೇ ಕೊಟ್ಟ ಮಾತು. ರಾಜ್ಯಕ್ಕೆ ಹೇಗೂ ಬರಬೇಕಾದ ಬಾಕಿಯನ್ನು ಶುದ್ಧ ಇಂಧನಕ್ಕೆಂದು ಎತ್ತಿದ ಹಣದಿಂದ ತೀರಿಸಿದರೆ ಎರಡರಲ್ಲಿ ಒಂದು ಕೈಬಿಟ್ಟಂತೆಯೇ. 2022ರ ಜೂನ್‌ಗೆ ಪರಿಹಾರದ ಅವಧಿ ಮುಗಿದ ಮೇಲೂ ಸೆಸ್ ಮುಂದುವರಿದದ್ದು ಕೋವಿಡ್ ಕಾಲದಲ್ಲಿ ಮಾಡಿದ 2.69 ಲಕ್ಷ ಕೋಟಿ ರೂಪಾಯಿ ಸಾಲ ತೀರಿಸಲು. ರಾಯಚೂರಿನ ಬೂದಿ ಕುಡಿದವರ ಹಣ ಸಾಲದ ಕಂತಿಗೆ ಹೋಯಿತು.

ಈ ನಡುವೆ ಹವಾಮಾನ ಬದಲಾವಣೆಯ ಹೊಡೆತ ತಾಳಿಕೊಳ್ಳಲು ರಾಜ್ಯಗಳಿಗೆಂದೇ ಇದ್ದ ಒಂದು ನಿಧಿಯ ಗತಿ ಏನಾಯಿತು ನೋಡಿ. 2015ರಲ್ಲಿ ಹವಾಮಾನ ಬದಲಾವಣೆಗೆ ರಾಷ್ಟ್ರೀಯ ಹೊಂದಾಣಿಕೆ ನಿಧಿ ಆರಂಭವಾಯಿತು. ನಬಾರ್ಡ್ ಮೂಲಕ ದೇಶದ 27 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಲ್ಲಿ 30 ಯೋಜನೆಗಳಿಗೆ 847 ಕೋಟಿ ರೂಪಾಯಿ ಮಂಜೂರಾಯಿತು. ಕರ್ನಾಟಕಕ್ಕೆ ಸಿಕ್ಕಿದ್ದು ನಾಡತಳಿಯ ದನ ಮತ್ತು ಕುರಿಗಳನ್ನು ಉಳಿಸುವ ಯೋಜನೆ. ಒಳ್ಳೆಯ ಯೋಜನೆ, ಬಿಸಿಲಿಗೂ ಮೇವಿನ ಕೊರತೆಗೂ ತಾಳುವ ತಳಿ ನಮ್ಮ ಬಯಲುಸೀಮೆಯ ರೈತನಿಗೆ ಬೇಕೇ ಬೇಕು. ಆದರೆ 2022ರ ನವೆಂಬರ್‌ನಲ್ಲಿ ಕೇಂದ್ರ ಈ ನಿಧಿಯನ್ನೇ ಯೋಜನೆಗಳ ಪಟ್ಟಿಯಿಂದಲೇ ತೆಗೆಯಿತು. ಆಮೇಲೆ ಹೊಸ ಮಂಜೂರಾತಿ ಇಲ್ಲ. ಕಲ್ಲಿದ್ದಲಿನಿಂದ 86 ಸಾವಿರ ಕೋಟಿ ಎತ್ತಿದ ದೇಶ, ರಾಜ್ಯಗಳ ಹೊಂದಾಣಿಕೆಗೆ ಅದರ ನೂರರಲ್ಲಿ ಒಂದು ಪಾಲಿನಷ್ಟನ್ನೂ ಕೊಡದೆ ಬಾಗಿಲು ಹಾಕಿತು.

ಬಾಗಿಲು ಹಾಕಿದ ಮರುವರ್ಷವೇ ಬರ ಬಂತು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. 48 ಲಕ್ಷ ಹೆಕ್ಟೇರ್ ಬೆಳೆ ನಷ್ಟ. ಅಣೆಕಟ್ಟುಗಳಲ್ಲಿ ನೀರಿಲ್ಲದೆ ಜಲವಿದ್ಯುತ್ ಕುಸಿಯಿತು, ಮಳೆ ಇಲ್ಲದ್ದರಿಂದ ಪಂಪ್‌ಸೆಟ್‌ಗಳು ಬಿಡುವಿಲ್ಲದೆ ಓಡಿದವು. ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಖಾಸಗಿ ಉತ್ಪಾದಕರೆಲ್ಲ ರಾಜ್ಯದ ಗ್ರಿಡ್‌ಗೇ ವಿದ್ಯುತ್ ಕೊಡಬೇಕೆಂದು ಆದೇಶಿಸಬೇಕಾಯಿತು. ಏಳು ತಾಸು ತ್ರೀಫೇಸ್ ಕೊಡುತ್ತೇವೆಂದ ಕಡೆ ಅದರಲ್ಲೂ ಕಡಿತ, ಲೋಡ್ ತಾಳದೆ ಸುಡುವ ಟ್ರಾನ್ಸ್‌ಫಾರ್ಮರ್ (ಟಿ.ಸಿ.), ಅದನ್ನು ಬದಲಿಸಿಕೊಡಿ ಎಂದು ಸೆಕ್ಷನ್ ಆಫೀಸಿನ ಮುಂದೆ ಕೂತ ರೈತರು. ರಾಜ್ಯ 18,171 ಕೋಟಿ ರೂಪಾಯಿ ಬರ ಪರಿಹಾರ ಕೇಳಿತು. ತಿಂಗಳುಗಟ್ಟಲೆ ಉತ್ತರ ಬರದೆ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಏಪ್ರಿಲ್ ಕೊನೆಗೆ ಬಂದದ್ದು 3,454 ಕೋಟಿ. ಸುಟ್ಟುಹೋದ ಬೆಳೆಗೆ ಪರಿಹಾರ ಕೇಳಲು ಕೋರ್ಟಿಗೆ ಹೋಗಬೇಕಾದ ರಾಜ್ಯ, ಮುಂದಿನ ಬರಕ್ಕೆ ಕೆರೆ ಹೂಳೆತ್ತುವ, ಪಂಪ್‌ಸೆಟ್‌ಗಳನ್ನು ಸೌರಕ್ಕೆ ಹೊರಳಿಸುವ ಹಣವನ್ನು ಎಲ್ಲಿಂದ ಕೇಳಬೇಕು?

ಕೇಂದ್ರ ಏನೂ ಕೊಡುತ್ತಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್‌ಗೆ ಮೆಗಾವಾಟ್ ಲೆಕ್ಕದಲ್ಲಿ ಕೇಂದ್ರದ ನೆರವಿನ ಯೋಜನೆ ಇತ್ತು. ರೈತರ ಸೌರ ಪಂಪ್‌ಸೆಟ್‌ಗೆ ಕುಸುಮ್ ಇದೆ. ಚಾವಣಿ ಸೌರಕ್ಕೆ 75,021 ಕೋಟಿ ರೂಪಾಯಿಯ ಸೂರ್ಯಘರ್ ಇದೆ. ಆದರೆ ಇವೆಲ್ಲದರ ಅಳತೆ, ಷರತ್ತು, ಕಾಲಮಿತಿ ದೆಹಲಿಯಲ್ಲೇ ನಿಗದಿ. ಮೂರು ಕಿಲೋವಾಟ್ ಫಲಕ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ ನಿಜ, ಆದರೆ ಅದಕ್ಕೆ ಫಲಕದ ಭಾರ ತಾಳುವ ಸೂರಿನ ಸ್ವಂತ ಮನೆ ಬೇಕು, ಉಳಿದ ಹಣ ಹೊಂದಿಸುವ ಶಕ್ತಿ ಬೇಕು. ತಗಡಿನ ಸೂರಿನ ಕೆಳಗೆ ಬದುಕುವ ಲಿಂಗಸುಗೂರಿನ ಕೂಲಿ ಹೆಂಗಸಿಗೆ ಆ ಯೋಜನೆ ದಕ್ಕುವುದು ಕಷ್ಟ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ಬಂದರೆ ಬಿಸಿಲಿನ ಕಾರಣಕ್ಕೆ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಗುತ್ತದೆ. ನೌಕರರಿಗೆ ಆ ರಕ್ಷಣೆ ಸರಿ. ಹೊಲದಲ್ಲಿ ನಿಂತವರಿಗೆ ನೆರಳು, ನೀರು, ತಂಪಾಗಿರುವ ಮನೆ ಇವುಗಳಿಗೆ ಹಣ ಕೊಡುವ ಕೇಂದ್ರದ ಲೆಕ್ಕಶೀರ್ಷಿಕೆ ಯಾವುದು? ಪಾವಗಡಕ್ಕೆ ಬೇಕಾದದ್ದು ರಾಯಚೂರಿಗೆ ಬೇಡ, ರಾಯಚೂರಿಗೆ ಬೇಕಾದದ್ದು ಕೊಡಗಿಗೆ ಬೇಡ. ಅದನ್ನು ಬಲ್ಲದ್ದು ರಾಜ್ಯ. ಹಣವೂ ಅಲ್ಲಿಗೇ, ರಾಜ್ಯ ತನ್ನ ಲೆಕ್ಕದಲ್ಲಿ ಖರ್ಚು ಮಾಡುವಂತೆ ಬರಬೇಕು.

ಕರ್ನಾಟಕ ಸುಮ್ಮನೆ ಕೈಚಾಚಿ ನಿಂತಿಲ್ಲ ಎಂಬುದಕ್ಕೆ ಕುಸುಮ್-ಬಿ ಸಾಕ್ಷಿ. ಸೌರ ಪಂಪ್‌ಸೆಟ್‌ನ ಖರ್ಚಿನಲ್ಲಿ ಕೇಂದ್ರ ಶೇ 30 ಕೊಡುತ್ತದೆ. ರಾಜ್ಯ ತನ್ನ ಪಾಲನ್ನು ಶೇ 30ರಿಂದ 50ಕ್ಕೆ ಏರಿಸಿ ರೈತನ ಹೊರೆಯನ್ನು ಶೇ 20ಕ್ಕೆ ಇಳಿಸಿತು. ಲೈನಿನಿಂದ 500 ಮೀಟರ್ ಆಚೆಗಿರುವ ಕೊಳವೆಬಾವಿಗೆ ಕಂಬ ನೆಡುವ ಬದಲು ಸೌರ ಪಂಪ್‌ಸೆಟ್ ಎಂಬ ನಿರ್ಧಾರವೂ ಸರಿಯಾದದ್ದೇ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ. ಈ ಒಂದು ಕೆಲಸ ಮುಗಿಸುವುದಕ್ಕೇ ವರ್ಷಗಟ್ಟಲೆ ನಂಬಿಕೊಳ್ಳಬಹುದಾದ ಹಣದ ಮೂಲ ಬೇಕು. ಕೇಂದ್ರದ ಯೋಜನೆ ಇದ್ದಷ್ಟು ದಿನ ಓಡಿ, ಅದು ಮುಗಿದಾಗ ನಿಂತುಬಿಡುವ ಕೆಲಸ ಇದಲ್ಲ.

ಈಗ 2025ರ ಸೆಪ್ಟೆಂಬರ್‌ನ ಬದಲಾವಣೆಗೆ ಬರುತ್ತೇನೆ. ಇದರ ಬಗ್ಗೆ ಕನ್ನಡದಲ್ಲಿ ಚರ್ಚೆ ಆಗಬೇಕಾದಷ್ಟು ಆಗಲಿಲ್ಲ. ಜಿಎಸ್‌ಟಿ ಮಂಡಳಿ ಕಲ್ಲಿದ್ದಲಿನ ಮೇಲಿನ 400 ರೂಪಾಯಿ ಸೆಸ್ ತೆಗೆದು, ಜಿಎಸ್‌ಟಿಯನ್ನು ಶೇ 5ರಿಂದ 18ಕ್ಕೆ ಏರಿಸಿತು. ಟನ್ನಿಗೆ 1,500 ರೂಪಾಯಿಯ ಕಲ್ಲಿದ್ದಲಿಗೆ ಹಿಂದೆ 75 ರೂಪಾಯಿ ಜಿಎಸ್‌ಟಿ, 400 ಸೆಸ್, ಒಟ್ಟು 475 ಬೀಳುತ್ತಿತ್ತು. ಈಗ 270. ಟನ್ನಿಗೆ 3,000 ಆದರೆ ಹಿಂದೆ 550, ಈಗ 540. ಟನ್ನಿಗೆ 4,000 ಆದರೆ 600 ಇದ್ದದ್ದು 720 ಆಗುತ್ತದೆ. ಅಂದರೆ ಬೂದಿ ಹೆಚ್ಚಿರುವ, ಬೆಲೆ ಕಡಿಮೆಯಿರುವ ಕೆಳದರ್ಜೆಯ ಕಲ್ಲಿದ್ದಲಿಗೆ ತೆರಿಗೆ ಅರ್ಧದ ಹತ್ತಿರ ಇಳಿಯಿತು. ವಿದ್ಯುತ್ ಸ್ವಲ್ಪ ಅಗ್ಗವಾದರೆ ಬಳಕೆದಾರರಿಗೆ ಒಳ್ಳೆಯದೇ. ಆದರೆ ಹೊಗೆಯ ಲೆಕ್ಕದಲ್ಲಿ ಕಟ್ಟಬೇಕಾದ ತೆರಿಗೆ ಬೆಲೆಯ ಲೆಕ್ಕಕ್ಕೆ ತಿರುಗಿ, ಕೊಳೆ ಹೆಚ್ಚಿದಷ್ಟೂ ತೆರಿಗೆ ಕಡಿಮೆ ಎಂಬಲ್ಲಿಗೆ ಬಂದು ನಿಂತಿದೆ. 2010ರ ನ್ಯಾಯ ಪೂರ್ತಿ ತಲೆಕೆಳಗಾಯಿತು.

ಇದರಲ್ಲಿ ರಾಜ್ಯಕ್ಕೆ ಒಂದು ಲಾಭವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸಂವಿಧಾನದ 270ನೇ ವಿಧಿಯ ಪ್ರಕಾರ ಸೆಸ್ ರಾಜ್ಯಗಳ ಜೊತೆ ಹಂಚಿಕೆಗೆ ಬರುತ್ತಿರಲಿಲ್ಲ. ಜಿಎಸ್‌ಟಿಯಲ್ಲಿ ಅರ್ಧ, ಅಂದರೆ ಶೇ 9, ಕಲ್ಲಿದ್ದಲು ಬಳಸುವ ರಾಜ್ಯದ್ದು. ವಿದ್ಯುತ್ತಿನ ಮೇಲೆ ಜಿಎಸ್‌ಟಿ ಇಲ್ಲದಿರುವುದರಿಂದ ಆ ತೆರಿಗೆ ಎಲ್ಲೂ ವಾಪಸ್ ಹೋಗದೆ ಖಜಾನೆಯಲ್ಲೇ ಉಳಿಯುತ್ತದೆ. ಟನ್ನಿಗೆ 3,000 ರೂಪಾಯಿ ಎಂದು ಹಿಡಿದರೆ ಶಕ್ತಿನಗರಕ್ಕೆ ಬರುವ ಒಂದು ರೇಕಿನಿಂದ ಈಗ ಕರ್ನಾಟಕದ ಪಾಲಿಗೆ 10.80 ಲಕ್ಷ ರೂಪಾಯಿ. ಹಿಂದೆ 3 ಲಕ್ಷ ಇತ್ತು. ಶಕ್ತಿನಗರದಲ್ಲಿರುವ ರಾಯಚೂರು ಸ್ಥಾವರ 1,720 ಮೆಗಾವಾಟ್, ಬಳ್ಳಾರಿ 1,700, ಯರಮರಸ್ 1,600 ಮೆಗಾವಾಟ್. ಈ ಮೂರು ಸ್ಥಾವರಗಳಿಗೆ ವರ್ಷವಿಡೀ ಬರುವ ರೇಕುಗಳನ್ನು ಲೆಕ್ಕ ಹಾಕಿದರೆ ಇದು ಸಣ್ಣ ಮೊತ್ತವಲ್ಲ.

ಆದ್ದರಿಂದ ಇನ್ನು ಮೇಲೆ ಬೆಂಗಳೂರು ಬರೀ ದೆಹಲಿಯತ್ತ ಬೆರಳು ತೋರಿಸಿದರೆ ಆಗದು. 2024ರ ಫೆಬ್ರುವರಿಯಲ್ಲಿ ಇಡೀ ರಾಜ್ಯ ಸಂಪುಟ ಜಂತರ್ ಮಂತರ್‌ನಲ್ಲಿ ಕೂತು ‘ನನ್ನ ತೆರಿಗೆ ನನ್ನ ಹಕ್ಕು’ ಎಂದಿತು. ಹದಿನೈದನೇ ಹಣಕಾಸು ಆಯೋಗ ಕರ್ನಾಟಕದ ಪಾಲನ್ನು ಶೇ 4.713ರಿಂದ 3.647ಕ್ಕೆ ಇಳಿಸಿದ ನೋವು ನಿಜವಾದದ್ದು. ಆ ಕೂಗಿನಲ್ಲಿ ನ್ಯಾಯವಿತ್ತು. ಅದೇ ನ್ಯಾಯ ರಾಜ್ಯದ ಒಳಗೂ ನಡೆಯಬೇಕು. ಕಲ್ಲಿದ್ದಲಿನ ಜಿಎಸ್‌ಟಿಯಿಂದ ಬಂದ ಹೆಚ್ಚುವರಿ ಹಣ ಗ್ಯಾರಂಟಿ ಯೋಜನೆಗಳಿಗೋ ಸಂಬಳಕ್ಕೋ ಗುತ್ತಿಗೆದಾರರ ಬಾಕಿಗೋ ಸೇರಿಹೋದರೆ, ದೆಹಲಿ ಹದಿನೈದು ವರ್ಷ ಮಾಡಿದ್ದನ್ನೇ ವಿಧಾನಸೌಧವೂ ಮಾಡಿದಂತಾಗುತ್ತದೆ. ರಾಜ್ಯದ 2009-14ರ ನವೀಕರಿಸಬಹುದಾದ ಇಂಧನ ನೀತಿಯಲ್ಲೇ ಅಕ್ಷಯ ಶಕ್ತಿ ನಿಧಿ ಎಂಬ ಪ್ರಸ್ತಾಪವಿತ್ತು. ಕೈಗಾರಿಕೆ ಮತ್ತು ವಾಣಿಜ್ಯ ಬಳಕೆದಾರರಿಂದ ಯೂನಿಟ್‌ಗೆ 5 ಪೈಸೆ ಹಸಿರು ಸೆಸ್ ಎತ್ತಿ ಆ ನಿಧಿಗೆ ಹಾಕುವ ಯೋಚನೆ. ಹೊಸ ಸೆಸ್ ಬೇಡ, ಜನ ಈಗಲೇ ಕಟ್ಟುತ್ತಿದ್ದಾರೆ. ಅಕ್ಷಯ ಶಕ್ತಿ ಎಂಬ ಅದೇ ಹೆಸರಿನ, ಬೀಗ ಹಾಕಿದ ಒಂದು ನಿಧಿ ಸಾಕು: ಕಲ್ಲಿದ್ದಲಿನ ಜಿಎಸ್‌ಟಿಯ ರಾಜ್ಯದ ಪಾಲು ಅಲ್ಲಿಗೇ ಬೀಳಬೇಕು, ಬೇರೆ ಶೀರ್ಷಿಕೆಗೆ ವರ್ಗಾಯಿಸಲು ವಿಧಾನಮಂಡಲದ ಒಪ್ಪಿಗೆ ಬೇಕು, ಅದರ ಮೊದಲ ಹಕ್ಕು ಬೂದಿ ಬೀಳುವ ತಾಲ್ಲೂಕುಗಳದ್ದಾಗಬೇಕು.

ಕೇಂದ್ರದ ಹೊಣೆ ಇದರಿಂದ ತಪ್ಪುವುದಿಲ್ಲ. ಇಂಗಾಲದ ಅಳತೆಯಲ್ಲಿ ಕಲ್ಲಿದ್ದಲಿನ ಮೇಲೆ ತೆರಿಗೆ ವಾಪಸ್ ಬರಬೇಕು. ಅದರ ದೊಡ್ಡ ಪಾಲು ಕಾನೂನಿನ ಸೂತ್ರದಂತೆ ರಾಜ್ಯಗಳಿಗೆ ಹೋಗಬೇಕು. ಸಚಿವರ ಕೃಪೆಗೆ, ಕೇಂದ್ರ-ರಾಜ್ಯ ಎರಡರಲ್ಲೂ ಒಂದೇ ಪಕ್ಷವಿರಬೇಕೆಂಬ ಡಬಲ್ ಎಂಜಿನ್ ಲೆಕ್ಕಕ್ಕೆ ಅದು ಸಿಲುಕಬಾರದು. ಜಾರ್ಖಂಡ್, ಒಡಿಶಾ, ಛತ್ತೀಸಗಢದ ಗಣಿ ಊರುಗಳ ಕಾರ್ಮಿಕರಿಗೆ ನಮಗಿಂತ ಹೆಚ್ಚು ಸಲ್ಲಬೇಕೆಂದರೂ ಕನ್ನಡಿಗರು ಒಪ್ಪಬೇಕು. ಗಣಿ ಮುಚ್ಚುವ ದಿನ ಬಂದಾಗ ಅವರ ಬದುಕೇ ಮೊದಲು ಅಲುಗಾಡುವುದು. ಆದರೆ ನಿಧಿ ಇದ್ದೂ ಇಲ್ಲದಂತೆ ಮಾಡುವ ಹಳೆಯ ಚಾಳಿಗೆ ಇನ್ನೊಂದು ಅವಕಾಶ ಕೊಡಬಾರದು.

ವಿದ್ಯುತ್ ದರ ಪರಿಷ್ಕರಣೆಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ಗ್ರಾಹಕರೂ ಅಲ್ಲಿಗೆ ಹೋಗಿ ಮಾತಾಡಬಹುದು, ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಈ ಸಲ ದರ ಏಕೆ ಏರಿಸುತ್ತೀರಿ ಎಂಬ ಪ್ರಶ್ನೆಯ ಜೊತೆಗೆ ಇನ್ನೆರಡು ಪ್ರಶ್ನೆ ಬರೆದು ಕೊಡಿ: ನಮ್ಮ ಯೂನಿಟ್ ದರದಲ್ಲಿ ಕಲ್ಲಿದ್ದಲಿನ ಜಿಎಸ್‌ಟಿ ಎಷ್ಟು ಪೈಸೆ, ಅದರಲ್ಲಿ ರಾಜ್ಯದ ಪಾಲು ಎಷ್ಟು? ಮೂರನೆಯ ಪ್ರಶ್ನೆಯನ್ನು, ಆ ಹಣ ಯಾವ ಶೀರ್ಷಿಕೆಗೆ ಸೇರುತ್ತಿದೆ ಎಂಬುದನ್ನು, ಬಜೆಟ್ ಅಧಿವೇಶನದಲ್ಲಿ ಕೇಳುವಂತೆ ನಿಮ್ಮ ಶಾಸಕರಿಗೆ ಹೇಳಿ. ಅವರು ಯಾವ ಪಕ್ಷದವರಾದರೂ ಸರಿ.